ಮುಂಗಡ ಕೊಡುವ ಮುನ್ನ

ಪತಿಯ ಕೆಲಸದ ವರ್ಗಾವಣೆ, ಮಕ್ಕಳ ಕಾಲೇಜು, ಕೂಡುಕುಟುಂಬದಿಂದ ಬೇರೆಯಾಗುವುದು- ಕಾರಣ ಯಾವುದೇ ಇರಲಿ, ಬಾಡಿಗೆ ಫ್ಲಾಟ್ ಹುಡುಕುವ ಕೆಲಸ ಒಂದಲ್ಲ ಒಂದು ದಿನ ಹೆಚ್ಚಿನ ಕುಟುಂಬಗಳಿಗೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಮನೆ ನೋಡಿ ಬರುವವರು ಗಂಡಸರು. ಕೆಲಸ ಮುಗಿಸಿ ರಾತ್ರಿ ಬ್ರೋಕರನ ಜೊತೆ ಹೋಗುತ್ತಾರೆ. ಟೈಲ್ಸ್ ಹೊಳೆಯುತ್ತಿದ್ದರೆ ಟೋಕನ್ ಹಣ ಕೊಟ್ಟು ಬರುತ್ತಾರೆ. ಆದರೆ ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವರು ನೀವು. ಅಷ್ಟೇ ಅಲ್ಲ, ಮುಂಗಡದ ಹಣ ಹೊಂದಿಸಲು ಎಷ್ಟೋ ಮನೆಗಳಲ್ಲಿ ಅಡವಿಗೆ ಹೋಗುವುದು ಗೃಹಿಣಿಯ ಬಳೆಗಳೇ. ಆದ್ದರಿಂದ ಮನೆಯನ್ನು ನೋಡುವ ಹಕ್ಕೂ, ಕಾಗದವನ್ನು ಓದುವ ಹಕ್ಕೂ ನಿಮಗಿದೆ.

ಮೊದಲ ಫೋನಿನಲ್ಲೇ ಕೇಳಿ

ಬಾಡಿಗೆ, ಮುಂಗಡ, ತಿಂಗಳ ನಿರ್ವಹಣಾ ಶುಲ್ಕ ಎಷ್ಟೆಂದು ಬೇರೆ ಬೇರೆಯಾಗಿ ಕೇಳಿ. ನಿಮ್ಮ ಹೆಸರನ್ನೂ ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂಬುದನ್ನೂ ಆಗಲೇ ಹೇಳಿಬಿಡಿ. ಹೆಸರು ಕೇಳಿದೊಡನೆ "ಮನೆ ಕೊಟ್ಟಾಯಿತು" ಎನ್ನುವವರು ಇದ್ದಾರೆ. ಮಾಂಸದ ಅಡುಗೆ ಮಾಡಬಾರದೆಂದು ಷರತ್ತು ಹಾಕುವವರೂ ಇದ್ದಾರೆ. ಕೇಳಲು ನೋವಾಗುತ್ತದೆ, ನಿಜ. ಆದರೆ ಟೋಕನ್ ಕೊಟ್ಟ ಮೇಲೆ ಆ ಮಾತು ಕೇಳುವುದಕ್ಕಿಂತ ಮೊದಲೇ ಕೇಳುವುದು ಮೇಲು.

ಹಗಲಿನಲ್ಲಿ ನೋಡಿ

ಹಗಲು ಹೊತ್ತಿನಲ್ಲಿ, ಎಲ್ಲ ದೀಪಗಳನ್ನು ಆರಿಸಿ ಮನೆ ನೋಡಿ. ಅಡುಗೆಮನೆಗೆ ಬೆಳಕು ಬರುತ್ತದೆಯೇ? ಹೊಗೆ ಹೊರಹೋಗಲು ದಾರಿಯಿದೆಯೇ? ಬಟ್ಟೆ ಒಣಗಿಸುವ ಜಾಗ ಎದುರು ಮನೆಯವರ ಕಣ್ಣಿಗೆ ನೇರವಾಗಿ ಬೀಳುತ್ತದೆಯೇ? ಕಪಾಟಿನ ಹಿಂಭಾಗ, ಸ್ನಾನದ ಮನೆಗೆ ತಾಗಿದ ಗೋಡೆ, ಮೇಲಿನ ಅಂತಸ್ತಾದರೆ ತಾರಸಿ- ಇವುಗಳಲ್ಲಿ ತೇವದ ಕಲೆಗಳನ್ನು ಹುಡುಕಿ. ಹೊಸ ಬಣ್ಣ ಎಷ್ಟೋ ಸಲ ಹಳೆಯ ಸೋರಿಕೆಯನ್ನು ಮುಚ್ಚಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದು ಮತ್ತೆ ಮುಖ ತೋರಿಸುತ್ತದೆ.

ನೀರಿನ ವಿಷಯವನ್ನು ಬ್ರೋಕರನ ಬಳಿಯಲ್ಲ, ಪಕ್ಕದ ಮನೆಯ ಗೃಹಿಣಿಯ ಬಳಿ ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ದೊಡ್ಡ ಅಪಾರ್ಟ್‌ಮೆಂಟ್‌ಗಳೇ ಟ್ಯಾಂಕರಿಗಾಗಿ ಕಾಯಬೇಕಾಯಿತು. ನಲ್ಲಿಯಲ್ಲಿ ಬರುವುದು ಕಾವೇರಿ ನೀರೋ, ಕೊಳವೆಬಾವಿಯದೋ, ಟ್ಯಾಂಕರಿನದೋ? ಟ್ಯಾಂಕರಿನ ಖರ್ಚು ಯಾರದು? ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡಲು ನಾಚಬೇಡಿ. ಕೊನೆಯ ವಿದ್ಯುತ್ ಬಿಲ್ಲನ್ನು ಕೇಳಿ ಪಡೆದು, ಬಾಕಿ ಇದೆಯೇ ನೋಡಿ. ಬಾಡಿಗೆದಾರರಿಗೂ ಗೃಹಜ್ಯೋತಿಯ ಸೌಲಭ್ಯವಿದೆ. ಆದರೆ ಹಿಂದಿನ ಬಾಡಿಗೆದಾರರ ಹೆಸರು ಆ ಮೀಟರಿನಿಂದ ತೆಗೆದಿರಬೇಕು.

ಮನೆ ನಿಜವಾಗಿ ಯಾರದು?

ಹಣ ಮುಳುಗುವುದು ಇಲ್ಲಿಯೇ. ತೆರಿಗೆ ರಶೀದಿ ಅಥವಾ ಖಾತೆಯ ಪ್ರತಿಯಲ್ಲಿರುವ ಹೆಸರೂ ಕರಾರಿಗೆ ಸಹಿ ಹಾಕುವವರ ಹೆಸರೂ ಒಂದೇ ಆಗಿರಬೇಕು. ಮಂಗಳೂರು, ಉಡುಪಿಗಳಲ್ಲಿ ಅನೇಕ ಫ್ಲಾಟುಗಳ ಮಾಲಕರು ಗಲ್ಫಿನಲ್ಲಿರುತ್ತಾರೆ; ಕೀಲಿಕೈ ತಮ್ಮನದೋ ಭಾವನದೋ ಕೈಯಲ್ಲಿರುತ್ತದೆ. ಅಂಥಲ್ಲಿ ಅಧಿಕಾರ ಪತ್ರದ ಪ್ರತಿ ಕೇಳಿ. ಸಾಧ್ಯವಾದರೆ ಮಾಲಕರೊಂದಿಗೆ ನೇರವಾಗಿ ಮಾತನಾಡಿ. ಮುಂಗಡವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ. ನಗದು ಕೊಟ್ಟರೆ ರಶೀದಿಯಿಲ್ಲದೆ ಎದ್ದು ಬರಬೇಡಿ.

ಭೋಗ್ಯಕ್ಕೆ, ಅಂದರೆ ಲೀಸಿಗೆ ಮನೆ ಹಿಡಿಯುವವರು ಇನ್ನೂ ಹೆಚ್ಚು ಎಚ್ಚರವಿರಬೇಕು. ತಿಂಗಳ ಬಾಡಿಗೆ ಇಲ್ಲ, ಕೊಟ್ಟ ಹಣ ಕೊನೆಗೆ ಮರಳಿ ಸಿಗುತ್ತದೆ ಎಂಬ ಆಸೆಯಿಂದ ಲಕ್ಷಗಟ್ಟಲೆ ಹಣವನ್ನು ಒಂದೇ ಸಲಕ್ಕೆ ಕೊಡುತ್ತೇವೆ. ಮಾಲಕರಿಗೆ ಬಾಡಿಗೆ ಕೊಡುವುದಾಗಿ ಹೇಳಿ ಫ್ಲಾಟ್ ಪಡೆದು, ಅದನ್ನೇ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಹಣದೊಂದಿಗೆ ಮಾಯವಾದ ಮಧ್ಯವರ್ತಿಗಳಿದ್ದಾರೆ. ಇನ್ನು ಕೆಲವೆಡೆ ಮಾಲಕರೇ ಬ್ಯಾಂಕಿನ ಸಾಲ ಕಟ್ಟಿರುವುದಿಲ್ಲ. ಆಗ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕ್ ಮನೆಯನ್ನು ವಶಪಡಿಸಿಕೊಳ್ಳಲು ಬರುತ್ತದೆ. ಬಾಗಿಲಿಗೆ ಅಂಟಿಸಿದ ನೋಟಿಸನ್ನು ಮೊದಲು ಓದುವವರು ಪಾಪ, ಒಳಗೆ ವಾಸವಿರುವ ಕುಟುಂಬದವರು! ಆದ್ದರಿಂದ ಕಾವೇರಿ ಪೋರ್ಟಲ್‌ನಲ್ಲಿ ಅಥವಾ ಉಪನೋಂದಣಿ ಕಚೇರಿಯಲ್ಲಿ ಆ ಮನೆಯ ಋಣಭಾರ ಪತ್ರ ಪಡೆದು ನೋಡಿ. ನೋಂದಣಿಯಾಗದ ಅಡಮಾನ ಅದರಲ್ಲಿ ಕಾಣಿಸದು. ಹಾಗಾಗಿ ಸಾಲವಿದೆಯೇ ಇಲ್ಲವೇ ಎಂಬುದನ್ನು ಮಾಲಕರಿಂದ ಬರೆಸಿಕೊಳ್ಳಿ. ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ.

ಕರಾರಿನಲ್ಲಿ ಏನಿರಬೇಕು?

ಹೆಚ್ಚಿನ ಕರಾರುಗಳು ಹನ್ನೊಂದು ತಿಂಗಳಿಗೆ ಇರುತ್ತವೆ. ಯಾಕೆಂದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿ ಪತ್ರವನ್ನು ನೋಂದಾಯಿಸಲೇಬೇಕು. ಮೂರು ವರ್ಷದ ಭೋಗ್ಯವನ್ನು ಬರೀ ಛಾಪಾ ಕಾಗದದ ಮೇಲೆ ಬರೆದು ನಿಶ್ಚಿಂತೆಯಿಂದ ಇರಬೇಡಿ, ನೋಂದಣಿ ಮಾಡಿಸಿ.

ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಬಿಡಲು ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ಮುಂಗಡ ಎಷ್ಟು ದಿನದಲ್ಲಿ ಮರಳುತ್ತದೆ, ಬಣ್ಣದ ಖರ್ಚಿಗೆ ಎಷ್ಟು ಹಿಡಿಯುತ್ತಾರೆ- ಇವೆಲ್ಲ ಅಂಕಿಗಳಲ್ಲೇ ಬರೆದಿರಲಿ. 15,000 ರೂಪಾಯಿ ಬಾಡಿಗೆಗೆ ಹತ್ತು ತಿಂಗಳ ಮುಂಗಡವೆಂದರೆ ಒಂದೂವರೆ ಲಕ್ಷ! ಕೇಂದ್ರ ಸರಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯೇ ಮುಂಗಡದ ಮಿತಿ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ತಾನಾಗಿ ಎಲ್ಲ ಕಡೆ ಕಾನೂನಾಗುವುದಿಲ್ಲ. ಆದರೂ ಮುಂಗಡ ಇಳಿಸಿ ಎಂದು ಕೇಳಲು ಅದೊಂದು ಆಧಾರ.

ಸಾಮಾನು ಇಳಿಸುವ ಮುನ್ನ ಪ್ರತಿಯೊಂದು ಕೋಣೆ, ನಲ್ಲಿ, ಬಿರುಕು ಬಿಟ್ಟ ಗಾಜು, ಗೋಡೆಯ ಕಲೆಗಳ ಫೋಟೋ ತೆಗೆದು ಅಂದೇ ಮಾಲಕರಿಗೆ ಕಳುಹಿಸಿ. ಮನೆ ಬಿಡುವ ದಿನ, "ಇದು ನೀವು ಮಾಡಿದ ಹಾಳು" ಎಂಬ ಮಾತಿಗೆ ಅದೇ ಉತ್ತರ.

ಇಷ್ಟೆಲ್ಲ ಕೇಳಿದರೆ ಮಾಲಕರು ಬೇಸರಪಡುವುದಿಲ್ಲವೇ? ಒಳ್ಳೆಯ ಮಾಲಕರು ಬೇಸರಪಡುವುದಿಲ್ಲ. ತಮ್ಮ ಮನೆಗೆ ಜವಾಬ್ದಾರಿಯುಳ್ಳವರು ಬಂದರೆಂದು ಸಮಾಧಾನಪಡುತ್ತಾರೆ. ಕಾಗದ ಕೇಳಿದೊಡನೆ ಸಿಟ್ಟಾಗುವವರ ಮನೆ ಎಷ್ಟೇ ಚೆಂದವಿದ್ದರೂ ಬಳೆಗಳನ್ನು ಕೈಯಲ್ಲೇ ಇಟ್ಟುಕೊಂಡು ಇನ್ನೊಂದು ಮನೆ ನೋಡುವುದು ಜಾಣತನ.