ಕಂಬ ಉಳಿದರೆ ಮನೆ ಉಳಿಯಿತೆ?

ಮಲೆನಾಡಿನ ತೊಟ್ಟಿಯ ಮನೆ ನಿಂತಿರುವಾಗ ಹೊರೆ. ಬಿಚ್ಚಿದ ಮೇಲೆ ಸರಕು. ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ಆಸುಪಾಸಿನಲ್ಲಿ, ಶಿಕಾರಿಪುರ ಸೊರಬದ ಸೀಮೆಯಲ್ಲಿ, ಇಂಥ ಮನೆಗಳ ಕಂಬ, ಬೋದಿಗೆ, ಹೆಬ್ಬಾಗಿಲುಗಳು ಲಾರಿಯೇರಿ ಹೋಗುವುದನ್ನು ನಾನು ಕಂಡಿದ್ದೇನೆ. ಅವು ಸೇರುವುದು ನಗರದ ಹೋಟೆಲು, ರೆಸಾರ್ಟು, ಬಾರುಗಳನ್ನು. ಅಲ್ಲಿ ಕಾಂಕ್ರೀಟಿನ ಸೂರಿನ ಕೆಳಗೆ, ಯಾವ ಭಾರವನ್ನೂ ಹೊರದೆ, ಕಂಬವು ಶೋಕಿಗೆ ನಿಲ್ಲುತ್ತದೆ. ಇದನ್ನು "ಪರಂಪರೆಯ ರಕ್ಷಣೆ" ಎನ್ನುವವರೂ ಇದ್ದಾರೆ. ನನ್ನ ತಕರಾರು ಅವರೊಡನೆ.

ಇಂಗ್ಲೆಂಡಿನಲ್ಲಿ ಇದಕ್ಕೆ ತೀರ ವಿರುದ್ಧವಾದದ್ದು ನಡೆದಿದೆ. ಮರದ ಚೌಕಟ್ಟಿನ ಹಳೆಯ ಮದ್ಯದಂಗಡಿಗಳು ಗಿರಾಕಿಯಿಲ್ಲದೆ ಮುಚ್ಚಿದಾಗ ಎಷ್ಟೋ ಕಡೆ ಸಂಸಾರಗಳು ಬಂದು ನೆಲೆಸಿವೆ. ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡವಾದರೆ, ಅದರ ಲಕ್ಷಣವನ್ನು ಬದಲಿಸುವ ಕೆಲಸಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕು. ಅಲ್ಲಿ ಪಾನಗೃಹ ಮನೆಯಾಯಿತು. ಇಲ್ಲಿ ಮನೆ ಪಾನಗೃಹದ ಅಲಂಕಾರವಾಯಿತು!

"ಗೆದ್ದಲು, ಸೋರುವ ಹೆಂಚು, ಕತ್ತಲೆ, ಪಾಲಿನ ವ್ಯಾಜ್ಯ, ಹಳೆಯ ಮನೆಯಲ್ಲಿ ಇರುವುದು ಹೇಗೆ ಸ್ವಾಮಿ?" ಎಂದು ಮಾಲೀಕರು ಕೇಳುತ್ತಾರೆ. ಕಷ್ಟ ನಿಜವೇ, ಪೇಟೆಯಲ್ಲಿ ಕುಳಿತು ಅದನ್ನು ಅಲ್ಲಗಳೆಯುವುದು ಸಲ್ಲ. ಆದರೆ ತೊಟ್ಟಿಯ ಸುತ್ತ ಮಾಡಿನ ಭಾರ ಹೊರುವುವು ಕಂಬ ತೊಲೆಗಳು. ನಡುವಣ ಅಡ್ಡಗೋಡೆ ಸರಿಸಬಹುದು, ಗಾಜಿನ ಹೆಂಚಿಟ್ಟು ಬೆಳಕು ತರಬಹುದು, ಹಿತ್ತಿಲ ಕಡೆ ಹೊಸ ಬಚ್ಚಲು ಕಟ್ಟಬಹುದು. ಕಂಬದ ಬುಡ ಕೊಳೆತರೆ ಅಷ್ಟನ್ನೇ ಕೊಯ್ದು ಹೊಸ ಮರ ಕೂಡಿಸಬಹುದು. ಕಚ್ಚು ಕೊರೆದು ಬೆಣೆ ಬಡಿದು ಕಟ್ಟಿದ ಚೌಕಟ್ಟಿನ ಗುಣವೇ ಅದು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿಯಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆ ವಸ್ತುಸಂಗ್ರಹಾಲಯವಾಗಿ ಉಳಿಯಿತು. ಎರಡೂ ದೊಡ್ಡ ಕೆಲಸ. ಆದರೆ ಊರೂರಿನ ಮನೆಗಳನ್ನೆಲ್ಲ ಮಣಿಪಾಲಕ್ಕೆ ಒಯ್ಯಲಾಗದು; ಎಲ್ಲ ಮನೆಗೂ ಒಬ್ಬ ಮಹಾಕವಿ ದೊರೆಯುವುದಿಲ್ಲ.

ನಮ್ಮ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆ 1961ರದು. ಅದರ ಕಣ್ಣಿಗೆ ಹೆಚ್ಚಾಗಿ ಬೀಳುವುವು ಗುಡಿ, ಕೋಟೆಗಳು. ಒಲೆ ಉರಿಯುವ ಮನೆಗೆ ಬೇಕಾದುದು ಬೇರೆ: ತಾಲ್ಲೂಕಿಗೊಂದು ಹಳೆಯ ಮನೆಗಳ ಪಟ್ಟಿ, ದುರಸ್ತಿಗೆ ಸಾಲ, ಅರಣ್ಯ ಇಲಾಖೆಯ ಡಿಪೊದಿಂದ ನ್ಯಾಯವಾದ ಬೆಲೆಗೆ ಮರ. ಸೊರಬ, ಸಾಗರಗಳ ಗುಡಿಗಾರರು ಕೆತ್ತಿದ ಗಂಧದ ಬೊಂಬೆಯನ್ನು ಗಾಜಿನ ಬೀರುವಿನಲ್ಲಿಟ್ಟು ಮೆರೆಯುವ ನಾವು, ಅದೇ ಸೀಮೆಯ ಬಡಗಿಯ ಕೈಕೆಲಸವನ್ನು ಘನ ಅಡಿಯ ಲೆಕ್ಕದಲ್ಲಿ ಕೊಳ್ಳುವುದು ನಾಚಿಕೆಗೇಡು.

ಹಳೆಯ ಕಂಬಕ್ಕೆ ಬೆಲೆ ಕಟ್ಟಲು ಹೊರಟ ನಗರದ ಮಹನೀಯರು ಮೊದಲು ಒಂದು ಮಾತು ವಿಚಾರಿಸಲಿ: ಇದನ್ನು ಕಿತ್ತ ಮೇಲೆ ಆ ಮಾಡನ್ನು ಹೊತ್ತವರು ಯಾರು?