ಯಂತ್ರಕಾಳಗದ ಕಾರ್ಯಾಗಾರ

ಯಂತ್ರಮಾನವರ ಕಾಳಗದ ವಿಡಿಯೋ ಆಟವಾದ 'ಆರ್ಮರ್ಡ್ ಕೋರ್' ಜಪಾನಿನಲ್ಲಿ 1997ರಲ್ಲಿ ಹುಟ್ಟಿತು. 2023ರಲ್ಲಿ ಹೊರಬಂದ ಆರನೆಯದನ್ನು ಈಚೆಗೆ ಕೆಲವು ಸಂಜೆ ಆಡಿ ನೋಡಿದೆನು. ಹೆಚ್ಚು ಹೊತ್ತು ಕಳೆದುದು ರಣರಂಗದಲ್ಲಲ್ಲ, ಯಂತ್ರವನ್ನು ಜೋಡಿಸುವ ಕಾರ್ಯಾಗಾರದಲ್ಲಿ.

ತಲೆ, ಮುಂಡ, ತೋಳು, ಕಾಲು, ವಿದ್ಯುಜ್ಜನಕ, ಆಯುಧ ಎಲ್ಲವನ್ನೂ ಆಟಗಾರನೇ ಆರಿಸಬೇಕು. ಕಾಲುಗಳಲ್ಲಿಯೇ ಎಷ್ಟು ಬಗೆ! ಎರಡು ಕಾಲಿನವು, ಹಕ್ಕಿಯಂತೆ ಹಿಂದಕ್ಕೆ ಮಡಿಯುವವು, ನಾಲ್ಕು ಕಾಲಿನವು, ಟ್ಯಾಂಕಿನಂತೆ ಉರುಳುವವು. ದಪ್ಪ ಕವಚವನ್ನೂ ಭಾರಿ ಫಿರಂಗಿಯನ್ನೂ ಹೇರಿದಿರೋ, ವೇಗವು ಕುಗ್ಗುವುದು. ಹಗುರ ಮಾಡಿದಿರೋ, ನಾಲ್ಕೇ ಪೆಟ್ಟಿಗೆ ಯಂತ್ರವು ನೆಲಕ್ಕೊರಗುವುದು. ವಿದ್ಯುಜ್ಜನಕವು ಕೊಡುವಷ್ಟರಲ್ಲಿಯೇ ಎಲ್ಲ ಅಂಗಗಳೂ ಬಾಳಬೇಕು. ಸೋತವನು ತನ್ನ ಬೆರಳುಗಳನ್ನು ಹಳಿಯುವ ಬದಲು ಲೆಕ್ಕವನ್ನು ತಿದ್ದಿ ಮರಳಿ ಹೋಗಬಹುದು. ಇಂಥದನ್ನು ಬರಿಯ ಕಾಲಹರಣವೆಂದು ತಳ್ಳಿಬಿಡುವ ಹಿರಿಯರ ಮಾತನ್ನು ನಾನು ಒಪ್ಪಲಾರೆನು.

ಆದರೆ ಕಾರ್ಯಾಗಾರದಲ್ಲಿ ಇಷ್ಟು ನಿಷ್ಠುರವಾದ ಆಟವು ರಣರಂಗದಲ್ಲಿ ಬಹಳ ಸಡಿಲವಾಗುತ್ತದೆ. ಬೆಟ್ಟದಂಥ ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೆ ಚಿಮ್ಮುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸೆಕೆಂಡಿಗೆ 50 ಮೀಟರ್ ವೇಗವನ್ನು ಪಡೆಯಿತೆಂದು ಇಟ್ಟುಕೊಳ್ಳಿ. ವೇಗೋತ್ಕರ್ಷವು ಗುರುತ್ವದ ಸುಮಾರು 50 ಮಡಿಯಾಯಿತು. ಒಂದೇ ಕಾಳಗದಲ್ಲಿ ಅಂಥ ನೂರಾರು ಎಳೆತಗಳಿಗೆ ಸಿಕ್ಕಿದ ಚಾಲಕನ ಗತಿಯೇನು? ಅವನು ಶಸ್ತ್ರಕ್ರಿಯೆಯಿಂದ ಮಾರ್ಪಟ್ಟ ಮನುಷ್ಯನೆಂದು ಹೇಳಿ ಕಥೆಯು ಪಾರಾಗುತ್ತದೆ. ಮಿದುಳಿಗೂ ಜಡತ್ವವುಂಟೆಂಬುದನ್ನು ಕಥೆಗಾರರು ಮರೆತಂತಿದೆ.

ಜೋಡಣೆಯ ಪುಟದಲ್ಲಿ ಯಂತ್ರದ ಒಟ್ಟು ತೂಕವೂ ವೇಗವೂ ಅಂಕಿಗಳಲ್ಲಿ ಕಾಣುತ್ತವೆ. ಆಟವು ಕೈಗೆ ಸಿಕ್ಕಿದ ವಿದ್ಯಾರ್ಥಿಗಳು ಒಂದೊಂದೇ ಅಂಗವನ್ನು ಬದಲಿಸಿ, ಆ ಎರಡು ಅಂಕಿಗಳ ಗ್ರಾಫನ್ನು ಎಳೆದು ನೋಡಲಿ. ರೇಖೆಯು ನ್ಯೂಟನ್ನನಿಗೆ ಎಷ್ಟು ದೂರ ವಿಧೇಯವಾಗಿದೆಯೆಂದು ತಿಳಿಯಲು ನನಗೂ ಕುತೂಹಲವಿದೆ.