ಮೊದಲ ಮಿಸುಕು

ಮಧ್ಯಾಹ್ನದ ಊಟ ಮುಗಿದಿದೆ. ಗಂಡಸರು ಕಚೇರಿಗೂ ಹುಡುಗರು ಶಾಲೆಗೂ ಹೋಗಿದ್ದಾರೆ. ಐದನೆಯ ತಿಂಗಳ ಚೊಚ್ಚಲ ಬಸುರಿಯಾದ ಸೊಸೆ ನಡುಮನೆಯ ಚಾಪೆಯ ಮೇಲೆ ಒರಗಿದ್ದಾಳೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾರೆ. ಸೊಸೆ ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಉಸಿರು ಬಿಗಿಹಿಡಿದು, ಏನನ್ನೋ ಆಲಿಸುವವಳಂತೆ ಸುಮ್ಮನಾಗುತ್ತಾಳೆ.

“ಏನಾಯಿತಮ್ಮ?”

“ಏನೂ ಇಲ್ಲ ಅತ್ತೆ. ಒಳಗೆ ಮೀನು ಬಾಲ ಆಡಿಸಿದ ಹಾಗಾಯಿತು. ವಾಯುವಿರಬೇಕು.”

ಅತ್ತೆ ಮೊರವನ್ನು ಕೆಳಗಿಟ್ಟು ನಗುತ್ತಾರೆ. “ವಾಯುವಲ್ಲ ಕಣಮ್ಮ. ನಿನ್ನ ಗಂಡನೂ ಮೊದಲ ಸಲ ಹೀಗೆಯೇ ಮಿಸುಕಿದ್ದು.”

ಮನೆಮನೆಯಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿರುವ ಸಂಭಾಷಣೆಯಿದು. ಕೆಲವರಿಗೆ ಅದು ಚಿಟ್ಟೆಯ ರೆಕ್ಕೆಯ ಸೋಂಕು, ಕೆಲವರಿಗೆ ನೀರಿನ ಗುಳ್ಳೆ ಒಡೆದ ಅನುಭವ. ಬೆರಳಿಗೆ ಸಿಕ್ಕದು, ಕಣ್ಣಿಗೆ ಕಾಣದು. ಪಕ್ಕದಲ್ಲಿ ಕುಳಿತ ಗಂಡನಿಗೂ ತಿಳಿಯದು. ಅದನ್ನು ಬಲ್ಲವಳು ಲೋಕದಲ್ಲಿ ಒಬ್ಬಳೇ.

ಮಗು ಆಡತೊಡಗುವುದು ತಾಯಿಗೆ ತಿಳಿಯುವುದಕ್ಕಿಂತ ಬಹು ಮೊದಲು. ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ, ಏಳೆಂಟನೆಯ ವಾರದಲ್ಲಿಯೇ, ಅಂದರೆ ಭ್ರೂಣವು ಒಂದು ಹುರುಳಿಕಾಯಿಯ ಬೀಜಕ್ಕಿಂತ ಹೆಚ್ಚು ದೊಡ್ಡದಾಗಿರದ ಕಾಲದಲ್ಲಿ, ಅದರ ಸಣ್ಣ ಚಲನೆಗಳು ಆರಂಭವಾಗುತ್ತವೆ. ಹನ್ನೆರಡನೆಯ ವಾರಕ್ಕೆ ಕೈಕಾಲುಗಳು ಆಡುತ್ತಿರುತ್ತವೆ. ಆದರೆ ಅಷ್ಟು ಚಿಕ್ಕ ಜೀವ ಗರ್ಭಜಲದಲ್ಲಿ ತೇಲುತ್ತ ಆಡುವ ಆಟ ತಾಯಿಯ ಅರಿವಿಗೆ ಬಾರದು. ಹದಿನೆಂಟನೆಯ ವಾರದ ಹೊತ್ತಿಗೆ ಅದರ ತೂಕ ಸುಮಾರು ೨೦೦ ಗ್ರಾಂ ಆಗಿ, ಅದರ ತಾಡನಕ್ಕೆ ಬಲ ಬಂದ ಮೇಲೆಯೇ ಸುದ್ದಿ ಹೊರಗೆ ಮುಟ್ಟುವುದು. ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತನೆಯ ವಾರದಲ್ಲಿ, ಹಿಂದೆ ಹೆತ್ತವಳಿಗೆ ಹದಿನಾರನೆಯ ವಾರದಷ್ಟು ಮುಂಚೆಯೇ, ಇದು ಅನುಭವಕ್ಕೆ ಬರುತ್ತದೆ. ಎರಡನೆಯವಳ ಮಗು ಹೆಚ್ಚು ಚುರುಕೆಂದಲ್ಲ; ಆಕೆ ಆ ಸಂಕೇತವನ್ನು ಗುರುತಿಸಬಲ್ಲಳು, ಅಷ್ಟೆ. ಮಾಸು ಗರ್ಭಕೋಶದ ಮುಂಭಾಗದಲ್ಲಿ ಅಂಟಿಕೊಂಡಿದ್ದರೆ ಅದು ಮೆತ್ತೆಯಂತೆ ನಡುವೆ ನಿಂತು ಸುದ್ದಿಯನ್ನು ಇನ್ನಷ್ಟು ತಡಮಾಡುವುದೂ ಉಂಟು.

ನಮ್ಮ ಪ್ರಾಚೀನ ವೈದ್ಯರು ಈ ಮಿಸುಕಿನಲ್ಲಿ ಬರಿಯ ಚಲನೆಯನ್ನಲ್ಲ, ಒಂದು ಮನಸ್ಸಿನ ಉದಯವನ್ನೇ ಕಂಡರು. ಇಂದ್ರಿಯಗಳು ಮೂಡಿದಂದಿನಿಂದ ಗರ್ಭಕ್ಕೆ ಸುಖದುಃಖಗಳ ಅರಿವು ತಗಲುತ್ತದೆ, ಅಂದಿನಿಂದ ಅದು ಸ್ಪಂದಿಸುತ್ತದೆ, ಬಯಸುತ್ತದೆ ಎಂಬುದು ಚರಕಸಂಹಿತೆಯ ಅಭಿಪ್ರಾಯ. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯ ವ್ಯಕ್ತವಾಗುವುದರಿಂದ ಆಗ ಹೆಣ್ಣು ಎರಡು ಹೃದಯಗಳವಳು, ‘ದೌಹೃದಿನಿ’, ಎಂದು ಸುಶ್ರುತಸಂಹಿತೆ ಹೇಳುತ್ತದೆ. ಬಸುರಿಯ ಬಯಕೆಯನ್ನು ತೀರಿಸಬೇಕೆಂಬ ವಿಧಿಗೆ ಆಧಾರವೂ ಇದೇ: ಹುಣಿಸೆಕಾಯಿ ಬೇಡುತ್ತಿರುವವಳು ಅವಳೊಬ್ಬಳೇ ಅಲ್ಲ! ಆಶ್ವಲಾಯನ ಗೃಹ್ಯಸೂತ್ರವು ಸೀಮಂತಕ್ಕೆ ನಾಲ್ಕನೆಯ ತಿಂಗಳನ್ನೇ ಹೇಳಿರುವುದನ್ನೂ ಇಲ್ಲಿ ನೆನೆಯಬಹುದು.

ಗ್ರೀಸ್ ದೇಶದ ಅರಿಸ್ಟಾಟಲನು ಗಂಡುಮಗು ನಲವತ್ತನೆಯ ದಿನದ ಸುಮಾರಿಗೆ ಬಲಗಡೆಯಲ್ಲಿಯೂ, ಹೆಣ್ಣುಮಗು ತೊಂಬತ್ತನೆಯ ದಿನದ ಸುಮಾರಿಗೆ ಎಡಗಡೆಯಲ್ಲಿಯೂ ಮೊದಲು ಚಲಿಸುವುದೆಂದು ಬರೆದನು. ಬಲಕ್ಕೆ ಗಂಡು, ಎಡಕ್ಕೆ ಹೆಣ್ಣು ಎಂಬ ಇಂತಹ ಎಣಿಕೆ ನಮ್ಮಲ್ಲಿಯೂ ಇದ್ದಿತು. ಕೆಲವು ಅಜ್ಜಿಯರ ಬಾಯಲ್ಲಿ ಇಂದಿಗೂ ಉಳಿದಿದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಹಿಂದಿನವರಿಗೆ ಬಸಿರನ್ನು ಖಚಿತಪಡಿಸುವ ಬೇರೆ ಉಪಾಯವಿರಲಿಲ್ಲ. ಮುಟ್ಟು ನಿಲ್ಲುವುದಕ್ಕೆ ಕಾರಣಗಳು ಹಲವು. ಮಗು ಮಿಸುಕಿತೆಂದು ಹೆಣ್ಣು ಹೇಳಿದ ದಿನವೇ ನಿಶ್ಚಯದ ದಿನ. ಆದರೆ ಆ ನಿಶ್ಚಯವೂ ಒಮ್ಮೊಮ್ಮೆ ಕೈಕೊಡುತ್ತಿತ್ತು. ಇಂಗ್ಲೆಂಡಿನ ರಾಣಿ ಮೊದಲನೆಯ ಮೇರಿಯ ಕಥೆ ಇದಕ್ಕೆ ಸಾಕ್ಷಿ.

ಎಂಟನೆಯ ಹೆನ್ರಿಯ ಮಗಳಾದ ಮೇರಿ ೧೫೫೪ರಲ್ಲಿ ಸ್ಪೇನಿನ ಫಿಲಿಪನನ್ನು ಮದುವೆಯಾದಳು. ಆಗ ಅವಳಿಗೆ ಮೂವತ್ತೆಂಟು ವರ್ಷ. ಸಿಂಹಾಸನಕ್ಕೆ ತನ್ನ ಹೊಟ್ಟೆಯ ಕುಡಿ ಬೇಕೆಂಬ ಹಂಬಲ ಎಷ್ಟಿದ್ದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದೇ ವರ್ಷ ನವೆಂಬರಿನಲ್ಲಿ, ಬಹುಕಾಲ ಪರದೇಶದಲ್ಲಿದ್ದ ಕಾರ್ಡಿನಲ್ ಪೋಲ್ ಅರಮನೆಗೆ ಬಂದಾಗ, ಮಗು ಮಿಸುಕಿತೆಂದು ರಾಣಿ ಹೇಳಿದಳು. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಕೃತಜ್ಞತೆಯ ಸ್ತೋತ್ರ ಮೊಳಗಿತು. ಮರುವರ್ಷ ಏಪ್ರಿಲಿನಲ್ಲಿ ರಾಣಿ ಹೆರಿಗೆಗೆಂದು ಹ್ಯಾಂಪ್ಟನ್ ಕೋರ್ಟ್ ಅರಮನೆ ಸೇರಿದಳು. ಜನನದ ಸುದ್ದಿಯ ಪತ್ರಗಳು ಮೊದಲೇ ಸಿದ್ಧವಾದವು. ಏಪ್ರಿಲ್ ೩೦ರಂದು ರಾಜಕುಮಾರ ಹುಟ್ಟಿದನೆಂಬ ಗಾಳಿಸುದ್ದಿ ಹಬ್ಬಿ ಲಂಡನ್ನಿನಲ್ಲಿ ಗಂಟೆಗಳು ಮೊಳಗಿದವು, ಬೀದಿಗಳಲ್ಲಿ ಬೆಂಕಿ ಹಾಕಿ ಜನ ಕುಣಿದರು. ಮಗು ಮಾತ್ರ ಬರಲಿಲ್ಲ. ಮೇ ಕಳೆಯಿತು, ಜೂನ್ ಕಳೆಯಿತು. ವೈದ್ಯರು ದಿನಗಳನ್ನು ಮತ್ತೆ ಮತ್ತೆ ಮುಂದೂಡಿದರು. ಆಗಸ್ಟಿನಲ್ಲಿ ರಾಣಿ ಯಾವ ಪ್ರಕಟಣೆಯನ್ನೂ ಮಾಡದೆ ಆ ಅರಮನೆಯನ್ನು ಬಿಟ್ಟು ಹೊರಟಳು. ೧೫೫೮ರಲ್ಲಿ ಅವಳು ಸಂತಾನವಿಲ್ಲದೆ ತೀರಿಕೊಂಡಳು. ಸಿಂಹಾಸನ ತಂಗಿ ಎಲಿಜಬೆತ್ತಳ ಪಾಲಾಯಿತು. ಮೇರಿ ಸುಳ್ಳು ಹೇಳಿದಳೆನ್ನುವುದು ಅನ್ಯಾಯ. ಉತ್ಕಟವಾದ ಬಯಕೆ ದೇಹವನ್ನೂ ವಂಚಿಸಬಲ್ಲದು ಎನ್ನುವುದಷ್ಟೇ ಸರಿ.

ಅರಮನೆಯಲ್ಲಿ ಹರ್ಷದ ಸುದ್ದಿಯಾದ ಈ ಮಿಸುಕು, ನ್ಯಾಯಸ್ಥಾನದಲ್ಲಿ ಪ್ರಾಣದ ಪ್ರಶ್ನೆಯಾಗುತ್ತಿತ್ತು. ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಬಸುರಿಯೆಂದು ಹೇಳಿಕೊಂಡರೆ, ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಮುತ್ತೈದೆಯರ ಒಂದು ಪಂಚಾಯಿತಿ ಅವಳನ್ನು ಪರೀಕ್ಷಿಸುತ್ತಿತ್ತು. ಮಗು ಮಿಸುಕುತ್ತಿದೆಯೆಂದು ಅವರು ಹೇಳಿದರೆ ಹೆರಿಗೆಯ ತನಕ ನೇಣು ಮುಂದಕ್ಕೆ ಹೋಗುತ್ತಿತ್ತು. ಕಡಲುಗಳ್ಳರ ಜೊತೆ ಸಿಕ್ಕಿಬಿದ್ದ ಮೇರಿ ರೀಡ್, ಆನ್ ಬಾನಿ ಎಂಬಿಬ್ಬರು ೧೭೨೦ರಲ್ಲಿ ಜಮೈಕಾದ ನ್ಯಾಯಸ್ಥಾನದಲ್ಲಿ ಗಲ್ಲನ್ನು ತಪ್ಪಿಸಿಕೊಂಡದ್ದು ಬಸಿರಿನ ಬಲದಿಂದಲೇ.

ಆ ಪದ್ಧತಿಯ ನೆರಳು ನಮ್ಮ ದೇಶದ ಕಾನೂನಿನ ಮೇಲೂ ಬಿದ್ದಿತು. ೧೮೬೦ರ ಭಾರತ ದಂಡಸಂಹಿತೆಯ ೩೧೨ನೆಯ ಕಲಮು ಕಾನೂನುಬಾಹಿರವಾದ ಗರ್ಭಪಾತಕ್ಕೆ ಮೂರು ವರ್ಷದವರೆಗೆ ಸೆರೆಯನ್ನು ವಿಧಿಸಿ, ಮಗು ಮಿಸುಕತೊಡಗಿದ ಮೇಲಾದರೆ ಅದನ್ನು ಏಳು ವರ್ಷದವರೆಗೆ ಏರಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ೮೮ನೆಯ ಕಲಮಿನಲ್ಲಿಯೂ ಈ ಭೇದ ಹಾಗೆಯೇ ಉಳಿದಿದೆ. ವೈದ್ಯಕೀಯ ಗರ್ಭಪಾತಕ್ಕೆ ಅವಕಾಶವಿತ್ತ ೧೯೭೧ರ ಕಾನೂನು ಮಾತ್ರ ಮಿಸುಕನ್ನು ಬಿಟ್ಟು ವಾರಗಳ ಲೆಕ್ಕವನ್ನು ಹಿಡಿಯಿತು.

ವೈದ್ಯರಿಗೂ ಗರ್ಭದ ಸುದ್ದಿ ತಿಳಿಯುವ ಬೇರೆ ದಾರಿಗಳು ಒಂದೊಂದಾಗಿ ತೆರೆದವು. ಫ್ರಾನ್ಸಿನ ಲೆನೆಕ್ ೧೮೧೬ರಲ್ಲಿ ಸ್ಟೆತಾಸ್ಕೋಪನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, ಕೆರ್ಗರಾಡೆಕ್ ಎಂಬ ವೈದ್ಯನು ಅದನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಆಲಿಸಿದನು. ಗರ್ಭಜಲದಲ್ಲಿ ಮಗು ಆಡುವ ಸದ್ದು ಕೇಳೀತೇ ಎಂಬುದು ಅವನ ಕುತೂಹಲ. ಕೇಳಿಸಿದ್ದು ಅದರ ಎದೆಬಡಿತ! ೧೯೫೮ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಶಬ್ದತರಂಗಗಳ ನೆರವಿನಿಂದ ಗರ್ಭವನ್ನು ಚಿತ್ರಿಸುವ ಕ್ರಮವನ್ನು ಪ್ರಕಟಿಸಿದರು. ಇಂದು ತಾಯಿ ಅರಿಯುವುದಕ್ಕೆ ಎರಡು ತಿಂಗಳು ಮೊದಲೇ ಸ್ಕ್ಯಾನಿಂಗ್ ತೆರೆಯ ಮೇಲೆ ಮಗು ಕೈಯಾಡಿಸುವುದನ್ನು ತಂದೆಯೂ ನೋಡುತ್ತಾನೆ.

ಹಾಗಾದರೆ ತಾಯಿಯ ಸಾಕ್ಷ್ಯಕ್ಕೆ ಬೆಲೆ ಹೋಯಿತೇ? ಇಲ್ಲ. ಯಂತ್ರವು ನೋಡುವುದು ತಿಂಗಳಿಗೊಮ್ಮೆ, ಕೆಲವು ನಿಮಿಷ. ತಾಯಿ ಹಗಲಿರುಳೂ ಕಾವಲಿರುತ್ತಾಳೆ. ಇಪ್ಪತ್ತನಾಲ್ಕು ವಾರ ತುಂಬಿದರೂ ಮಿಸುಕು ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಇಪ್ಪತ್ತೆಂಟನೆಯ ವಾರದ ಸುಮಾರಿಗೆ ಪ್ರತಿ ಮಗುವಿನ ಆಟಕ್ಕೂ ಅದರದೇ ಆದ ಒಂದು ಲಯ ಏರ್ಪಟ್ಟಿರುತ್ತದೆ. ನಡುನಡುವೆ ಅದು ನಿದ್ರಿಸುವುದೂ ಸಹಜವೇ. ಆ ನಿದ್ರೆ ಸಾಮಾನ್ಯವಾಗಿ ಒಂದೂವರೆ ಗಂಟೆಯನ್ನು ಮೀರುವುದಿಲ್ಲ. ಸಂದೇಹ ಬಂದಾಗ ಎಡಮಗ್ಗುಲಾಗಿ ಮಲಗಿ ಎಣಿಸಿ, ಎರಡು ಗಂಟೆಯೊಳಗೆ ಹತ್ತು ಮಿಸುಕುಗಳಾದರೂ ತಿಳಿಯದಿದ್ದರೆ ಬರಬೇಕೆಂದು ಹಲವು ವೈದ್ಯರು ಹೇಳುವುದುಂಟು. ಆದರೆ ಎಣಿಕೆಗಿಂತ ಮುಖ್ಯವಾದದ್ದು ವಾಡಿಕೆಯ ಲಯ. ಅದು ತಗ್ಗಿತೆಂದು ತೋರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆಗೆಂದು ತಡೆಯಬಾರದು. ದಿನ ತುಂಬಿದ ಮಗು ತೆಪ್ಪಗಾಗುತ್ತದೆ ಎಂಬ ಮಾತು ಸರಿಯಲ್ಲ. ಜಾಗ ಕಿರಿದಾದಂತೆ ಒದೆತವು ಹೊರಳಾಟವಾಗಿ ಮಾರ್ಪಡಬಹುದು. ಆಟ ಮಾತ್ರ ಕಡಿಮೆಯಾಗಬಾರದು.

ಮೊದಲು ಕಂಡ ಆ ಮನೆಗೆ ಈಗ ಹಿಂದಿರುಗಬಹುದು. ಸೊಸೆಗೆ ಎಂಟು ತಿಂಗಳು ತುಂಬಿದೆ. ಮುಂಜಾನೆ ಕಾಫಿಯ ಲೋಟವನ್ನು ಹಿಡಿದವಳು ಕುಡಿಯದೆ ಕುಳಿತಿದ್ದಾಳೆ.

“ಅತ್ತೆ, ನೆನ್ನೆ ರಾತ್ರಿಯಿಂದ ಮಗು ಅಷ್ಟಾಗಿ ಆಡುತ್ತಿಲ್ಲ.”

ಹಾಲು ಕೊಡಲು ಬಂದ ಪಕ್ಕದ ಮನೆಯಾಕೆ, “ತಿಂಗಳು ತುಂಬಿತಲ್ಲ, ಹಾಗೆಯೇ ಇರುತ್ತೆ ಬಿಡಿ” ಎನ್ನುತ್ತಾರೆ. ಅತ್ತೆಗೂ ತಾವು ಕೇಳಿ ಬಲ್ಲ ಮಾತೇ ಅದು. ಆದರೂ ಅವರು ಒಂದು ಕ್ಷಣ ಸೊಸೆಯ ಮುಖ ನೋಡಿ, ಒಲೆಯನ್ನು ಆರಿಸಿ, ಮಗನನ್ನು ಕೂಗಿ ಆಟೋ ತರಿಸುತ್ತಾರೆ.

ಆಸ್ಪತ್ರೆಯಲ್ಲಿ ಅರ್ಧ ಗಂಟೆ ಯಂತ್ರದ ಕಾಗದದ ಮೇಲೆ ಎದೆಬಡಿತದ ಗೆರೆ ಓಡುತ್ತದೆ. ಗೆರೆ ಚೆನ್ನಾಗಿದೆ; ಮಗು ಕ್ಷೇಮ. ಸುಮ್ಮನೆ ತೊಂದರೆ ಕೊಟ್ಟೆವೇನೋ ಎಂದು ಅತ್ತೆ ಸಂಕೋಚಪಟ್ಟರೆ, ವೈದ್ಯೆ ತಲೆಯಾಡಿಸಿ ಹೇಳುತ್ತಾರೆ:

“ನೀವು ಬಂದದ್ದೇ ಸರಿಯಮ್ಮ. ಇನ್ನೊಮ್ಮೆ ಹೀಗೆ ಅನ್ನಿಸಿದರೂ ಹೀಗೆಯೇ ಹೊರಟು ಬನ್ನಿ.”